ಕುರಿ ಇಳಿಯುವ ದಾರಿ

ತಿರ್ಲಾಪುರ
ರವಿವಾರ, ೨೧ ಸೆಪ್ಟೆಂಬರ್ ೨೦೨೫
ಮಹಾನವಮಿ ಅಮಾವಾಸ್ಯೆ

ಸುಧಾರಾಣಿಯ ಅಪ್ಪನವರಿಗೆ,

ದೇವಕ್ಕ ಮಾಡುವ ನಮಸ್ಕಾರಗಳು. ಹೇಗಿದ್ದೀರಿ? ಬೆನ್ನು ಹಿಡಿದುಕೊಂಡಿದೆ ಎಂದು ಹೋದ ವಾರ ಫೋನಿನಲ್ಲಿ ಹೇಳಿದಿರಿ, ಮರುದಿನ ಕೇಳಿದರೆ ಏನಿಲ್ಲ ಬಿಡು ಎಂದಿರಿ. ಏನಿಲ್ಲದ ಬೆನ್ನು ಹಾಗೆ ನರಳುವುದಿಲ್ಲ. ಮೈದುನ ಫಕೀರೇಶನ ಕೈಯಲ್ಲಿ ಎಣ್ಣೆ ಕಳಿಸಿದ್ದೇನೆ, ಯಾರಿಂದಾದರೂ ಹಚ್ಚಿಸಿಕೊಳ್ಳಿ. ಕುರಿಗಳ ಕಾಲಿಗೆ ಹಾಕುವ ಔಷಧ ಬೇರೆ ಸೀಸೆಯಲ್ಲಿದೆ, ನಿಮ್ಮ ಎಣ್ಣೆಯನ್ನೂ ಅವಕ್ಕೇ ಸುರಿದು ಮುಗಿಸಬೇಡಿ. ಕಟಕ ರೊಟ್ಟಿ, ಅಗಸಿ ಹಿಂಡಿ, ಕೆಂಪು ಖಾರ ಎಲ್ಲ ಕಟ್ಟಿದ್ದೇನೆ. ಮುಂಡರಗಿ ಕಡೆಯ ಕೆಂಪು ಮಸಾರಿ ನೆಲ ಮಳೆಗಾಲದಲ್ಲಿ ಕುರಿಗಳ ಕಾಲಿಗೆ ಚಲೋ ಇರಬಹುದು, ನಿಮಗೆ ಅಲ್ಲಿಯ ನೀರು ಒಗ್ಗುತ್ತದೋ ಇಲ್ಲವೋ ಎಂಬ ಚಿಂತೆ ನನಗೆ ತಪ್ಪಿದ್ದಲ್ಲ. ಬಿಳಿ ಕಿವಿಯ ಕುರಿ ಈದಿದೆಯೇ? ಮರಿ ಹೆಣ್ಣಾದರೆ ಮಾರಬೇಡಿ, ಸುಧಾರಾಣಿ ಆಗಲೇ ಅದಕ್ಕೆ ಹೆಸರಿಟ್ಟು ಕುಳಿತಿದ್ದಾಳೆ.

ಫೋನ್ ಇರುವಾಗ ಇವಳಿಗೇನು ಪತ್ರದ ಹುಚ್ಚು ಎಂದು ನಗಬೇಡಿ. ನಿಮ್ಮ ಫೋನು ಹಟ್ಟಿಯ ನಡುವೆ ಇರುತ್ತದೆ, ನಾನು ಹಲೋ ಎಂದರೆ ಹಟ್ಟಿಯವರೆಲ್ಲ ಕಿವಿ ಕೊಡುತ್ತಾರೆ. ಒಂದು ವಿಷಯ ಸರಿಯಾಗಿ ಹೇಳೋಣ ಎಂದು ಶುರು ಮಾಡಿದರೆ ನೀವು “ಬಂದ ಮ್ಯಾಲ ನೋಡೂಣು ಬಿಡು” ಎಂದು ಇಟ್ಟೇಬಿಡುತ್ತೀರಿ. ಪತ್ರವನ್ನು ಹಾಗೆ ನಡುವೆ ಕಟ್ ಮಾಡಲು ಬರುವುದಿಲ್ಲ. ನಿಮ್ಮ ಓದು ನಿಧಾನ, ಗೊತ್ತು. ಮಧ್ಯಾಹ್ನದ ಬಿಸಿಲಿಗೆ ಕುರಿಗಳು ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ಹಾಕಿ ನಿಂತಾಗ ನಿಮಗೂ ಬಿಡುವು. ಆಗ ಕುಳಿತು ಪೂರ್ತಿ ಓದಿ.

ಅತ್ತೆಯವರು ಗಟ್ಟಿ ಇದ್ದಾರೆ. ಮೊಣಕಾಲು ಏಳಗೊಡುವುದಿಲ್ಲ, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ಸುಧಾರಾಣಿ ನವಲಗುಂದದ ಬಸ್ಸಿಗೆ ದಿನಾ ಓಡುತ್ತಾಳೆ, ಎರಡು ಸಲ ಬಸ್ಸು ತಪ್ಪಿಸಿಕೊಂಡು ನನ್ನ ಮೇಲೆ ಸಿಟ್ಟು ತೀರಿಸಿಕೊಂಡಳು. ಹೆಸರಿನ ಬೆಳೆ ಕೈಗೆ ಬರಲಿಲ್ಲ, ಗಿಡದಲ್ಲೇ ಕಾಳು ಮೊಳಕೆ ಒಡೆಯಿತು. ಹತ್ತಿ ಕೆಂಪು ತಿರುಗಿ ನಿಂತಿದೆ. ಎಲ್ಲರ ಹೊಲವೂ ಹೀಗೇ ಇರುವುದರಿಂದ ಅಳಲು ಯಾರಿಗೂ ಪುರುಸೊತ್ತಿಲ್ಲ, ಹಿಂಗಾರಿಗೆ ಜೋಳ ಕಡಲೆ ಬಿತ್ತುವ ಮಾತೇ ಓಣಿಯ ತುಂಬ.

ಮಘಿ ಮಳೆಗೆ ಹಳ್ಳ ಊರೊಳಗೆ ಬಂತೆಂದು ನಿಮಗೆ ಗೊತ್ತು. ನಾವು ಆರಾಮ ಇದ್ದೇವೆ ಎಂದಷ್ಟೇ ಹೇಳಿದ್ದೆ. ನಮ್ಮ ಮನೆ ದಿಬ್ಬದ ಮೇಲಿದೆ, ಹಾಗಾಗಿ ಅದು ಸುಳ್ಳಾಗಿರಲಿಲ್ಲ. ಕೆಳಗಿನ ಓಣಿಯ ಕಥೆ ಬೇರೆ. ಜನ ಊಟಕ್ಕೆ ಕೂಡುವ ಹೊತ್ತಿಗೆ ನೀರು ಹೊಸ್ತಿಲು ದಾಟಿತು. ನಿಮ್ಮ ದೋಸ್ತ ದಾವೂದಸಾಬ ಹೆಂಡತಿ ಹಸೀನಾಬಿಯನ್ನು ಕರೆದುಕೊಂಡು ಮಾಳಿಗೆ ಹತ್ತಿದ. ನೀರು ಇಳಿಯುವವರೆಗೆ ಇಬ್ಬರೂ ಮಳೆಯಲ್ಲಿ ಒಂದು ತಾಡಪತ್ರಿ ಹೊದ್ದು ಕುಳಿತಿದ್ದರು, ನಾವು ಇತ್ತಕಡೆಯಿಂದ ಕೂಗುವುದು, ಅವರು ಅತ್ತಕಡೆಯಿಂದ ಕೈ ಬೀಸುವುದು. ಮಣ್ಣಿನ ಮಾಳಿಗೆ, ಗೋಡೆಯ ಬುಡ ನೆನೆದರೆ ಎಷ್ಟು ಹೊತ್ತು ನಿಂತೀತು ಎಂದು ಎಲ್ಲರ ತಲೆಯಲ್ಲೂ ಇತ್ತು. ಗೋಡೆ ನಿಂತಿತು. ಹಸೀನಾಬಿಯ ಮಗ್ಗ ನಿಲ್ಲಲಿಲ್ಲ. ತವರಿನಿಂದ ಕಲಿತು ಬಂದ ಜಮಖಾನದ ಕೆಲಸವನ್ನು ಅವಳು ಎಷ್ಟು ಜೀವ ಇಟ್ಟು ಮಾಡುತ್ತಾಳೆಂದು ನೀವೂ ನೋಡಿದ್ದೀರಿ. ಮಗ್ಗದ ಮೇಲೆ ಅರ್ಧ ನೇಯ್ದ ಜಮಖಾನ ಇತ್ತು. ಮರುದಿನ ನಾನೂ ಅವಳೂ ಕೂಡಿ ತೊಳೆದೆವು, ಕೆಸರು ಹೋಗುವ ಹೊತ್ತಿಗೆ ಬಣ್ಣವೂ ಹೋಗಿತ್ತು. ಅವಳು ಅಳಲಿಲ್ಲ. ನನಗೇ ತಡೆಯಲಾಗಲಿಲ್ಲ.

ಈಗ ಹಳ್ಳ ಸರಿಪಡಿಸುವ ಯೋಜನೆಯ ಮಾತು. ನನ್ನನ್ನು ಪಂಚಾಯತಿಗೆ ನಿಲ್ಲಿಸಿದವರು ನೀವೇ. ಮಹಿಳಾ ಮೀಸಲು ಬಂದಿದೆ, ಹೆಸರು ಕೊಡು, ಆಗಾಗ ಹೋಗಿ ಸಹಿ ಮಾಡಿ ಚಹಾ ಕುಡಿದು ಬಂದರಾಯಿತು ಎಂದಿರಿ. ಪ್ರವಾಹ ಇಳಿದ ಮೇಲೆ ಹಳ್ಳಕ್ಕೆ ಒಂದು ಸಮಿತಿ ಮಾಡಿದರು, ಅದರಲ್ಲೂ ನನ್ನನ್ನು ಹಾಕಿದರು. ಹುಬ್ಬಳ್ಳಿಯಿಂದ ಅತಿಯಾ ಎಂಬ ಇಂಜಿನಿಯರ್ ಬರುತ್ತಾರೆ. ವಯಸ್ಸು ಚಿಕ್ಕದು, ಕೆಸರಿಗೆ ಹೇಸುವುದಿಲ್ಲ, ಕಪ್ಪು ಎರಿ ಮಣ್ಣಿನಲ್ಲಿ ಒಂದು ಬೂಟು ಬಿಟ್ಟು ಬಂದ ದಿನವೂ ಸಿಟ್ಟಾಗಲಿಲ್ಲ. ಮೊದಲನೇ ಸಭೆಯಲ್ಲಿ ಎಲ್ಲರದೂ ಒಂದೇ ಹಟ, ಹಳ್ಳದ ಎರಡೂ ಕಡೆ ಸಿಮೆಂಟಿನ ಗೋಡೆ ಎಬ್ಬಿಸಿರಿ ಎಂದು. ನಾನೂ ಕೈ ಎತ್ತಿದ್ದೆ. ಗೋಡೆ ಕಟ್ಟಿದರೆ ನೀರು ಇಲ್ಲಿ ಓಡಿ ಹೋಗುತ್ತದೆ, ಕೆಳಗಿನ ಊರಿನಲ್ಲಿ ಅದೇ ನೀರು ಇನ್ನೂ ಜೋರಾಗಿ ನುಗ್ಗುತ್ತದೆ, ಅಲ್ಲಿ ಯಾರಿದ್ದಾರೆ ಎಂದು ಅತಿಯಾ ಕೇಳಿದರು. ಅಲ್ಲಿ ಇರುವವರೆಲ್ಲ ನಮ್ಮ ಬೀಗರೇ. ಗೋಡೆಯ ಮಾತು ಅಲ್ಲಿಗೇ ಬಿತ್ತು.

ಆಮೇಲೆ ಹಳ್ಳವನ್ನು ಮೇಲಿನ ಹೊಲಗಳಿಂದ ಹಿಡಿದು ದೊಡ್ಡ ಬೆಣ್ಣಿಹಳ್ಳಕ್ಕೆ ಕೂಡುವವರೆಗೆ ನಡೆದು ನೋಡುವುದೆಂದಾಯಿತು. ಈ ಊರಿಗೆ ಸೊಸೆಯಾಗಿ ಬಂದು ಇಷ್ಟು ವರ್ಷವಾದರೂ ನಾನು ಅದನ್ನು ಉದ್ದಕ್ಕೂ ನೋಡಿರಲಿಲ್ಲ, ಬಟ್ಟೆ ಒಗೆಯುವ ಜಾಗ ಬಿಟ್ಟು. ಮೇಲೆ ಹೊಲದವರು ಒಡ್ಡು ಒಡೆದು ಹಳ್ಳದೊಳಗೇ ಸಾಲು ಹೊಡೆದಿದ್ದಾರೆ. ರಸ್ತೆಯ ಕೆಳಗಿನ ಪೈಪು ನಮ್ಮ ಕಣಜದ ಬಾಯಿಗಿಂತ ದೊಡ್ಡದಿಲ್ಲ. ಜಾಲಿಕಂಟಿ ತುಂಬಿ ಅದರಲ್ಲಿ ಪ್ಲಾಸ್ಟಿಕ್ ಚೀಲ, ಹರಿದ ಹಾಸಿಗೆ, ಸತ್ತ ಕರು ಎಲ್ಲ ಸಿಕ್ಕಿಕೊಂಡಿವೆ. ಅತಿಯಾ ಒಂದು ಕಡೆ ಕೆಸರನ್ನು ಜರಡಿಯಲ್ಲಿ ಹಿಡಿದು ಹುಳ ಹುಡುಕಿದರು. ಇಂತಿಂಥ ಹುಳ ಇದ್ದರೆ ಹಳ್ಳ ಬದುಕಿದೆ ಎಂದು ಲೆಕ್ಕವಂತೆ. ಮನೆಗೆ ಬಂದು ಹೇಳಿದರೆ ಅತ್ತೆಯವರು ನಕ್ಕು ನಕ್ಕು ಸುಸ್ತಾದರು. ನಮ್ಮ ಹಳ್ಳದಲ್ಲಿ ಸಿಕ್ಕಿದ್ದು ಸೊಳ್ಳೆಮರಿ ಮಾತ್ರ. ನೀವು ಚಿಕ್ಕವರಿದ್ದಾಗ ಅಲ್ಲೇ ಬೊಗಸೆಯಲ್ಲಿ ನೀರು ಕುಡಿಯುತ್ತಿದ್ದಿರಿ ಎಂದು ನೆನೆದು ನನಗೆ ನಗು ಬರಲಿಲ್ಲ.

ಕೆಳಗಿನ ಓಣಿಯ ಹಿಂದೆ ಬರುವ ಹೊತ್ತಿಗೆ ಸಮಿತಿಯವರ ಜೊತೆ ದಾವೂದಸಾಬನೂ ಇದ್ದ. ಅಲ್ಲಿ ಎಲ್ಲರ ನಡಿಗೆಯೂ ನಿಧಾನವಾಯಿತು. ಏಕೆಂದರೆ ಅದು ನಮ್ಮ ಕುರಿ ಇಳಿಯುವ ದಾರಿ. ನಾನು ವಿವರಿಸುವುದೇನು, ನೀವು ಪ್ರತಿ ವರ್ಷ ವಲಸೆ ಹೋಗುವ ದಿನ ಮುಂಜಾನೆ ಸಲಿಕೆ ಹಿಡಿದು ದಡವನ್ನು ಇಳಿಜಾರಾಗಿ ಕಡಿದು, ಮಣ್ಣಿನ ಹೆಂಟೆ ಒಡೆದು, ಅರಿಶಿನದ ಭಂಡಾರ ಉಗ್ಗಿ, ಮೊದಲು ಮರಿಗಳನ್ನು ಇಳಿಸುತ್ತೀರಿ. ಊರ ನೀರು ಕುಡಿಸಿ ಹೊರಡಿಸಿದರೆ ಹಿಂಡು ಸುಖವಾಗಿ ತಿರುಗಿ ಬರುತ್ತದೆ ಎಂದು ಮಾವನವರು ಹಾಕಿಕೊಟ್ಟ ಪದ್ಧತಿ. ಮರಿಗಳ ಕಾಲು ಜಾರಬಾರದೆಂದು ನೀವು ವರ್ಷಕ್ಕಿಷ್ಟು ಅಗಲ ಮಾಡುತ್ತಾ ಬಂದಿರಿ. ನಾನು ಆರತಿ ತಟ್ಟೆ ಹಿಡಿದು ನಿಂತು, ನನ್ನ ಗಂಡನಿಗೆ ಮೂಕ ಪ್ರಾಣಿಯ ಮೇಲೆ ಎಷ್ಟು ಮಾಯೆ ಎಂದು ಹಿಗ್ಗುತ್ತಿದ್ದೆ. ಈ ಸಲ ಅಲ್ಲಿ ನೋಡಿದರೆ, ಎರಡೂ ಬಾಜು ದಡ ಆಳೆತ್ತರ ನಿಂತಿದೆ, ನಡುವೆ ನಮ್ಮ ದಾರಿ ಮಾತ್ರ ತಗ್ಗಾಗಿ ಬಾಯಿ ತೆರೆದಿದೆ. ನೀರು ಅಲ್ಲಿಂದಲೇ ಹತ್ತಿ ನೇರ ಓಣಿಗೆ ನುಗ್ಗಿದ ಗುರುತು ಮಣ್ಣಿನ ಮೇಲೆ ಇನ್ನೂ ಹಸಿಯಾಗಿತ್ತು. ಮಾಳಿಗೆಯ ಮೇಲೆ ಕುಳಿತವರ ಮನೆ ಅದರ ಎದುರಿಗೇ ಇದೆ.

ನಾನಿದ್ದೇನೆಂದು ಎಲ್ಲರೂ ಬೇರೆ ಕಡೆ ನೋಡಿದರು, ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು. ಇಲ್ಲಿ ದಡ ಏಕೆ ತಗ್ಗಿದೆ ಎಂದು ಅತಿಯಾ ಕೇಳಿದಾಗ ದಾವೂದಸಾಬನೇ ಮುಂದೆ ಬಂದ.

“ಇದು ನಮ್ಮ ಮೈಲಾರಪ್ಪ ಮಾಡಿದ ದಾರೀರಿ ಮೇಡಂ. ಮರಿ ಕಾಲ ಜಾರಬಾರ್ದಂತ ಮಾಡಿದ. ನಾನೂ ಪ್ರತಿ ವರ್ಷ ಅವನ ಜೋಡಿ ಸಲಿಕಿ ಹಿಡದೇನ್ರಿ. ನೀರಿಗೂ ದಾರಿ ಆಗ್ತೈತಿ ಅಂತ ಇಬ್ಬರಿಗೂ ಹೊಳೀಲಿಲ್ಲ.”

ಮನೆ ಕಳೆದುಕೊಳ್ಳುವುದರಲ್ಲಿದ್ದವನು ಅವನು. ತಪ್ಪನ್ನು ನಿಮ್ಮೊಬ್ಬರ ಹೆಗಲಿಗೆ ಹಾಕಿದ್ದರೆ ಯಾರೂ ಬೇಡ ಎನ್ನುತ್ತಿರಲಿಲ್ಲ. ಇದನ್ನು ಓದಿ ನೀವು ಮುಖ ಸಣ್ಣ ಮಾಡಿಕೊಂಡು ಊಟ ಬಿಡಬೇಡಿ. ನಿಮಗೆ ಹೇಳಬಾರದು ಎಂದೇ ಇದ್ದೆ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ತಿಳಿಯಲಿ ಎನ್ನಿಸಿತು.

ಈಗ ಸಮಿತಿ ಹಾಕಿದ ಯೋಜನೆ ಹೀಗಿದೆ. ಮೇಲಿನವರು ಒಡ್ಡು ಸರಿಪಡಿಸಿ ಹಳ್ಳದ ಜಾಗ ಬಿಟ್ಟುಕೊಡಬೇಕು. ಪೈಪು ತೆಗೆದು ಅಗಲದ ಮೋರಿ ಕಟ್ಟಬೇಕು. ನೀರು ಹೆಚ್ಚಾದಾಗ ಗೋಮಾಳದ ಕಡೆ ಹರಡಿ ನಿಲ್ಲುವಂತೆ ಬಿಡಬೇಕು. ನಮ್ಮ ದಾರಿ ಮುಚ್ಚಿ ದಡ ಎತ್ತರಿಸಿ ಲಾವಂಚದ ಹುಲ್ಲು, ಹೊಂಗೆ, ನೇರಳೆ ನೆಡಬೇಕು. ಹುಲ್ಲು ಬೇರು ಬಿಟ್ಟು ಮಣ್ಣು ಹಿಡಿಯುವವರೆಗೆ, ಅಂದರೆ ಮೂರು ಮಳೆಗಾಲ, ದಡದ ಮೇಲೆ ಕುರಿ ಹಾಯಬಾರದು. ಒಂದು ಹಿಂಡು ಒಂದು ಸಲ ಹಾದರೂ ನೆಟ್ಟದ್ದು ಉಳಿಯುವುದಿಲ್ಲವೆಂದು ನಿಮಗೂ ಗೊತ್ತು. ನೆಡುವುದನ್ನು ಮಳೆಯ ಹಸಿ ಇರುವಾಗಲೇ ಮುಗಿಸಬೇಕು, ದೀಪಾವಳಿಗೆ ನೀವು ಬರುವವರೆಗೆ ಕಾದರೆ ನೆಲ ಬಿರಿಯುತ್ತದೆ. ಕುರಿಯವರು ಒಪ್ಪದೆ ಉಳಿದದ್ದೆಲ್ಲ ಮಾಡಿ ಪ್ರಯೋಜನವಿಲ್ಲ ಎಂದು ಅತಿಯಾ ನನ್ನ ಮುಖವನ್ನೇ ನೋಡಿದರು. ಸಮಿತಿಯಲ್ಲಿ ಕುರಿಯವರ ಮನೆಯವಳು ನಾನೊಬ್ಬಳೇ.

ನಮ್ಮ ಓಣಿಯ ಕುರಿಯವರ ಮನೆಯವರನ್ನೆಲ್ಲ ಕೂಡಿಸಿ ಕೇಳಿದೆ. ಎಲ್ಲರಿಗೂ ಸಿಟ್ಟು. ನೀರಿಗೆ ಸುತ್ತು ಹಾಕಿ ಎಲ್ಲಿಗೆ ಹೋಗಬೇಕು, ಗಂಡಸರು ಊರಲ್ಲಿ ಇಲ್ಲದಾಗ ಇದನ್ನೆಲ್ಲ ಎತ್ತಬೇಕೆ ಎಂದು ಒಬ್ಬರ ಮೇಲೊಬ್ಬರು ಬಂದರು. ಅವರ ಮಾತಿನಲ್ಲಿ ಸುಳ್ಳೇನಿಲ್ಲ, ಬಾಯಾರಿದ ಹಿಂಡನ್ನು ಸುತ್ತು ಹೊಡೆಸುವುದು ಎಂಥ ಕಷ್ಟವೆಂದು ನಾನೂ ಬಲ್ಲೆ. ಅತ್ತೆಯವರಂತೂ ಕೋಲು ಊರಿಕೊಂಡು ಎದ್ದು ನಿಂತರು. “ನನ್ನ ಗಂಡ ಕಡದ ದಾರಿ ಐತಿ ಅದು. ಮುಚ್ಚಾಕ ನೀ ಯಾರ?” ಎಂದರು. ಆ ದಿನದಿಂದ ನನ್ನ ಕೈಯ ರೊಟ್ಟಿ ತಿನ್ನುತ್ತಾರೆ, ನನ್ನ ಜೊತೆ ಮಾತ್ರ ಮಾತಾಡುವುದಿಲ್ಲ. ಅವರ ಮಾತಿಲ್ಲದೆ ಮನೆ ಇಷ್ಟು ದೊಡ್ಡದೆಂದು ನನಗೆ ಈಗ ತಿಳಿಯಿತು.

ನಿಮ್ಮ ವಿಚಾರವೇನು? ದಾರಿ ನಿಮ್ಮದು, ಹಿಂಡು ನಿಮ್ಮದು, ವಲಸೆಯ ಕಷ್ಟ ನಿಮ್ಮದು. ಮುಚ್ಚಬೇಕೋ ಬೇಡವೋ ಎಂದು ಯೋಚಿಸಿ ಫಕೀರೇಶನ ಕೈಯಲ್ಲಿ ಹೇಳಿ ಕಳಿಸಿ. ಸಿಟ್ಟಿನಲ್ಲಿ ಹೇಳಬೇಡಿ, ಉಂಡು ಮಲಗಿ ಎದ್ದು ಹೇಳಿ.

ಹಟ್ಟಿಯ ಹಿರಿಯರಿಗೆ ನಮಸ್ಕಾರ, ಕಿರಿಯರಿಗೆ ಆಶೀರ್ವಾದ. ಮೈಲಾರಲಿಂಗ ನಿಮ್ಮನ್ನೂ ಹಿಂಡನ್ನೂ ಕಾಯಲಿ. ಮಳೆಯಲ್ಲಿ ಕಂಬಳಿ ಒದ್ದೆ ಮಾಡಿಕೊಂಡು ಅದನ್ನೇ ಹೊದ್ದು ಮಲಗಬೇಡಿ.

ಇಂತಿ ನಿಮ್ಮ
ದೇವಕ್ಕ

ತಾ.ಕ. ಫಕೀರೇಶ ಬಸ್ಸು ಬಂತೆಂದು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಮೇಲೆ ನಿಮ್ಮನ್ನು ಕೇಳಿದಂತೆ ಬರೆದೆ, ಬರೆಯುವಾಗ ಧೈರ್ಯ ಸಾಲಲಿಲ್ಲ. ನಿಜ ಹೇಳುತ್ತೇನೆ, ಕುರಿಯವರ ಪರವಾಗಿ ನಾನು ಸಮಿತಿಯಲ್ಲಿ ಒಪ್ಪಿ ಬಂದಾಗಿದೆ. ಗುರುವಾರವೇ ದಾರಿ ಮುಚ್ಚಿದೆವು, ಮೊದಲನೇ ಬುಟ್ಟಿ ಮಣ್ಣು ನಾನೇ ಹಾಕಿದೆ, ಹುಲ್ಲನ್ನು ಹಸೀನಾಬಿಯೂ ನಾನೂ ನೆಡುತ್ತಿದ್ದೇವೆ. ಸುಮ್ಮನೆ ಒಪ್ಪಲಿಲ್ಲ. ಗೋಮಾಳದಲ್ಲಿ ಕುರಿಗಳಿಗೆ ನೀರಿನ ತೊಟ್ಟಿ ದೀಪಾವಳಿಯ ಮೊದಲು ಆಗಲೇಬೇಕು, ಮೂರು ಮಳೆಗಾಲ ಮುಗಿದ ಮೇಲೆ ಮೇಲ್ಗಡೆ ಕುರಿ ಹಾಯಲು ಕಲ್ಲು ಹಾಸಿದ ದಾಟು ಕಟ್ಟಿಕೊಡಬೇಕು ಎಂದು ಪಂಚಾಯತಿಯ ಠರಾವಿನಲ್ಲಿ ಬರೆಸಿದ್ದೇನೆ. ನಿಮ್ಮನ್ನು ಕೇಳದೆ ಮಾಡಿದೆ. ಕೇಳಿದ್ದರೆ ನೀವು ಬಂದ ಮೇಲೆ ನೋಡೋಣ ಎನ್ನುತ್ತಿದ್ದಿರಿ, ಮಳೆ ಹಾಗೆ ಕಾಯುವುದಿಲ್ಲ. ಬರುವಾಗ ಹಿಂಡನ್ನು ಗೋಮಾಳದ ಕಡೆಯಿಂದ ತನ್ನಿ. ಸಿಟ್ಟಿನಿಂದ ಹಳೇ ದಾರಿಗೇ ಹೊಡೆದುಕೊಂಡು ಬಂದರೆ ದಡದ ಮೇಲೆ ಅಡ್ಡ ನಿಲ್ಲುವವಳು ನಾನೇ. ಕುರಿಗಳು ನನ್ನ ಧ್ವನಿ ಕೇಳಿದರೆ ನಿಲ್ಲುತ್ತವೆ. ನೀವೂ ನಿಲ್ಲಬೇಕು.