ಟ್ಯಾಂಕಿನ ಮುಚ್ಚಳ

ಮಧುಗಿರಿ
ಕಾರ್ತಿಕ ಸೋಮವಾರ, ೧೧ ನವೆಂಬರ್ ೧೯೪೬

ಚಿರಂಜೀವಿ ಬಸವಲಿಂಗನಿಗೆ ನಿನ್ನ ತಂದೆ ರೇಣುಕಯ್ಯನ ಮನಃಪೂರ್ವಕ ಆಶೀರ್ವಾದಗಳು.

ನಾನೂ ನಿನ್ನ ತಾಯಿಯೂ ಇಲ್ಲಿ ಸೌಖ್ಯವಾಗಿದ್ದೇವೆ. ಹುಬ್ಬಳ್ಳಿಯಲ್ಲಿ ನಿನ್ನ ಮೈ ಹೇಗಿದೆ? ರೈಲ್ವೆ ಕಾರ್ಖಾನೆಯ ಹೊಗೆಗೆ ಹಳೇ ಕೆಮ್ಮು ಮತ್ತೆ ತಿರುಗಿಲ್ಲ ತಾನೆ? ಅಲ್ಲಿ ಮುದ್ದೆ ಸಿಗುವುದಿಲ್ಲ, ಬರೀ ಜೋಳದ ರೊಟ್ಟಿ ಎಂದು ತಾಯಿಗೆ ಬರೆದಿದ್ದೀಯೆ. ನನಗಂತೂ ನೀನು ಬರೆಯುವುದಿಲ್ಲ. ಅವಳು ನಿನ್ನ ಕಾಗದಗಳನ್ನು ರಾಗಿಹಿಟ್ಟಿನ ಡಬ್ಬದ ಕೆಳಗೆ ಬಚ್ಚಿಡುತ್ತಾಳೆ, ಅವಳು ನೀರಿಗೆ ಹೋದಾಗ ನಾನು ತೆಗೆದು ಓದುತ್ತೇನೆ. ಓದಿದ್ದು ಅವಳಿಗೂ ಗೊತ್ತು. ಆದರೂ ಅಲ್ಲೇ ಇಡುತ್ತಾಳೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಮೋಟಾರ್ ಸೈಕಲ್ ಸರಿಯಾಗಿದೆ. ಶ್ರಾವಣದಲ್ಲಿ ನೀನು ಪೆಟ್ಟಿಗೆ ಹಿಡಿದು ಹೊಸಿಲ ಮೇಲೆ ನಿಂತು, "ಅಪ್ಪಾಜಿ, ಇಂಜಿನ್ ಕೆಡ್ಸಿದ್ದು ನಾನಲ್ಲ ಅಂತ ನಿಮ್ಗೇ ಗೊತ್ತಾದ ದಿನ ಕಾಗದ ಹಾಕಿ, ಬರ್ತೀನಿ" ಎಂದಿದ್ದೆಯಲ್ಲ, ಆ ಮಾತು ನನಗೆ ಮರೆತಿಲ್ಲ. ಮಿಲಿಟರಿಯವರ ಹರಾಜಿನಲ್ಲಿ ತಂದ ಗಾಡಿ ಪಾವಗಡಕ್ಕೆ ವೀಳ್ಯದೆಲೆ ಹೊತ್ತು ಏರು ಹತ್ತುವುದಿಲ್ಲವೆಂದು ನೀನು ಸಿಲಿಂಡರ್ ಕೊರೆಸಿ ದೊಡ್ಡ ಪಿಸ್ಟನ್ ಕೂರಿಸಿದೆ. ಸೈಡ್‌ಕಾರಿನ ಸೀಟು ಕಿತ್ತು ಮರದ ಪೆಟ್ಟಿಗೆ ಹೊಂದಿಸಿದೆ. "ಒಂದ್ ವಾರ ಕೊಡಿ, ಟ್ಯೂನ್ ಮಾಡ್ತೀನಿ" ಎಂದು ಕೇಳಿದೆ. ನಾನು ಒಂದು ದಿನವನ್ನೂ ಕೊಡಲಿಲ್ಲ. ಮರುದಿನವೇ ಎಲೆ ತುಂಬಿ ನಿನ್ನನ್ನು ಕಳಿಸಿದೆ. ಅದು ದಾರಿಯಲ್ಲಿ ಐದು ಕಡೆ ನಿಂತಿತು. ಎಲೆಯೆಲ್ಲ ಬಾಡಿ ವಾಪಸು ಬಂತು. ಬೀದಿಯ ಜನರೆದುರು ನಾನು, "ಚೆನ್ನಾಗಿದ್ದ ಗಾಡೀನ ಕೆಡ್ಸಿ ಗುಡ್ಡೆ ಹಾಕ್ದ ನನ್ ಮಗ" ಎಂದು ಕೂಗಾಡಿದೆ. ಅದೆಲ್ಲ ನಿನಗೆ ಗೊತ್ತಿರುವುದೇ. ಮುಂದಿನದನ್ನು ಹೇಳುತ್ತೇನೆ.

ಮೂರು ತಿಂಗಳು ಅದು ಕುಡಿದ ಪೆಟ್ರೋಲಿಗೆ ಲೆಕ್ಕವಿಲ್ಲ. ತಿಂಗಳ ರೇಷನ್ ಕೂಪನ್ನು ಇಪ್ಪತ್ತನೇ ತಾರೀಖಿಗೇ ಮುಗಿಯುತ್ತಿತ್ತು. ಕೊನೆಗೆ ಸಿರಾದಲ್ಲಿ ಸಂಜೀವಯ್ಯ ಎಂಬ ಮೆಕ್ಯಾನಿಕ್ ಇದ್ದಾನೆ, ಯುದ್ಧದಲ್ಲಿ ಇಂಥ ಗಾಡಿಗಳನ್ನೇ ನೋಡಿಕೊಂಡಿದ್ದವನು ಎಂದು ಕೇಳಿ, ನಿಂತು ನಿಂತು ಅಲ್ಲಿಗೆ ಒಯ್ದೆ. ಅವನು ಮೊದಲು ಇಡೀ ಗಾಡಿಯನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆದ. ಆಮೇಲೆ, "ಸ್ವಾಮೇರೆ, ನಿಮ್ಗೆ ಎಳೆಯೋ ಶಕ್ತಿ ಬೇಕಾ, ಮೈಲೇಜ್ ಬೇಕಾ?" ಎಂದ. ಎರಡೂ ಬೇಕು ಎಂದೆ. "ಎಲ್ರೂ ಇಂಗೇ ಅಂತಾರೆ" ಎಂದು ನಕ್ಕ. ಪ್ಲಗ್ಗು ಬಿಚ್ಚಿ ತೋರಿಸಿದ, ಹೆಂಚಿನ ತಳದ ಹಾಗೆ ಮಸಿ ಹಿಡಿದಿತ್ತು. ಪೆಟ್ರೋಲು ಹೆಚ್ಚು, ಗಾಳಿ ಕಡಿಮೆಯಂತೆ. ಕಾರ್ಬುರೇಟರಿನಲ್ಲಿ ಪೆಟ್ರೋಲು ಬಿಡುವ ಜೆಟ್ ತೆಗೆದು ಒಂದು ನಂಬರು ಚಿಕ್ಕದು ಹಾಕಿದ. ಎರಡು ಮೈಲಿ ಓಡಿಸಿ ಬಂದು ಮತ್ತೆ ಪ್ಲಗ್ಗು ಬಿಚ್ಚಿದ, ತಲೆಯಾಡಿಸಿದ, ಮತ್ತೆ ಓಡಿಸಿದ. ಪ್ಲಗ್ಗಿನ ತುದಿಗೆ ಹುರಿಗಡಲೆ ಸಿಪ್ಪೆಯ ಬಣ್ಣ ಬರುವ ತನಕ ಅವನು ಬಿಡಲಿಲ್ಲ. ಅಬ್ಬಾ, ಏನು ತಾಳ್ಮೆ ಅಂತೀಯ! ಕಿಡಿ ಹಾರುವ ಹೊತ್ತನ್ನೂ ಕೂದಲೆಳೆಯಷ್ಟು ಮುಂದಕ್ಕೆ ತಂದ. ಎಲ್ಲ ಮುಗಿಸಿ ಕೈ ಒರೆಸಿಕೊಳ್ಳುತ್ತ, "ಸಿಲಿಂಡರ್ ಬೋರ್ ಕೆಲ್ಸ ಮಾಡ್ದವ್ರ ಕೈ ಬಲು ಚೆನ್ನಾಗೈತೆ. ಟ್ಯೂನ್ ಮಾಡಕ್ ಮುಂಚೆ ಯಾವನೋ ಅವಸರಗೇಡಿ ಓಡ್ಸ್‌ಬುಟ್ಟವ್ನೆ" ಎಂದ. ಹೌದು, ಯಾವನೋ, ಎಂದೆ ನಾನು. ಸಿರಾದಿಂದ ಮಧುಗಿರಿಗೆ ಒಂದು ಕಡೆಯೂ ನಿಲ್ಲದೆ ಬಂದೆ.

ಮೊನ್ನೆ ಶುಕ್ರವಾರ ಪಾವಗಡದಲ್ಲಿ ನಿನ್ನ ಚಿಕ್ಕಮ್ಮನ ಮೊಮ್ಮಗುವಿಗೆ ತೊಟ್ಟಿಲ ಶಾಸ್ತ್ರ. ನಿನ್ನ ತಾಯಿ ತಾನೂ ಬರುತ್ತೇನೆಂದು ಎಲೆ ಕಟ್ಟುಗಳ ನಡುವೆ ಪೆಟ್ಟಿಗೆಯಲ್ಲಿ ಕೂತಳು. ಸ್ನಾನ ಪೂಜೆ ಮುಗಿಸಿ ಹೊರಟೆವು. ಊರು ದಾಟಿ ಆರೇಳು ಮೈಲಿ ಹೋದದ್ದೇ ಸರಿ, ಗಾಡಿ ಎರಡು ಸಲ ಬಿಕ್ಕಿ ನಿಂತೇಬಿಟ್ಟಿತು! ನನಗೆ ತಲೆ ಕೆಟ್ಟಿತು. ಸಂಜೀವಯ್ಯನನ್ನು ಬೈದೆ, ನಿನ್ನನ್ನೂ ಎರಡು ಬೈದೆ. "ಪೆಟ್ರೋಲ್ ಐತಾ ನೋಡ್ಬಾರ್ದೇನ್ರೀ ಮೊದ್ಲು" ಎಂದು ಅವಳೇ ಇಳಿದು ಟ್ಯಾಂಕಿನ ಮುಚ್ಚಳ ತಿರುಗಿಸಿದಳು. ಸುಂಯ್ ಎಂದು ಗಾಳಿ ಒಳಕ್ಕೆ ನುಗ್ಗಿದ ಸದ್ದು. ಪೆಟ್ರೋಲು ತುಂಬಾ ಇತ್ತು. ಕಿಕ್ಕು ಒದ್ದೆ, ಒಂದೇ ಏಟಿಗೆ ಹತ್ತಿತು. ಐದು ಮೈಲಿಗೆ ಮತ್ತೆ ನಿಂತಿತು. ಮತ್ತೆ ಮುಚ್ಚಳ ತಿರುಗಿಸಿದಳು, ಮತ್ತೆ ಸುಂಯ್, ಮತ್ತೆ ಹತ್ತಿತು. ಆಗ ಅವಳು ಮುಚ್ಚಳವನ್ನು ಕೈಯಲ್ಲಿ ಹಿಡಿದು, "ಎಣ್ಣೆ ಡಬ್ಬಕ್ಕೆ ಒಂದೇ ತೂತು ಹಾಕಿದ್ರೆ ಎಣ್ಣೆ ಈಚೆ ಬತ್ತದಾ? ಗಾಳಿಗೆ ಅಂತ ಇನ್ನೊಂದು ತೂತು ಹಾಕಲ್ವಾ? ಇದ್ರ ಗಾಳಿ ತೂತು ಎಲ್ಲೈತೆ?" ಎಂದಳು. ನೋಡಿದರೆ ಮುಚ್ಚಳದ ನಡುವೆ ಸಾಸಿವೆ ಕಾಳಿಗಿಂತ ಸಣ್ಣ ತೂತೊಂದು ಇದೆ, ಅದರಲ್ಲಿ ಕಸ ಕೂತು ಮುಚ್ಚಿಹೋಗಿದೆ. ಸೆರಗಿನ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ಗಾಳಿ ಹೋಗದೆ ಪೆಟ್ರೋಲು ಇಳಿಯುತ್ತಿರಲಿಲ್ಲ, ಅಷ್ಟೇ ವಿಷಯ. ಇಷ್ಟು ದಿನ ಗಾಡಿ ನಿಲ್ಲುತ್ತಿದ್ದುದೂ ಅದಕ್ಕೇ.

ಅಲ್ಲಿಂದ ಮುಂದೆ ಗಾಡಿ ಹೋದದ್ದನ್ನು ನೀನು ನೋಡಬೇಕಿತ್ತು ಮಗಾ. ಮಿಡಿಗೇಶಿಯ ಆಚೆ ಏರಿನಲ್ಲಿ, ನಿನ್ನ ತಾಯಿ, ಎಲೆ, ಬಾಣಂತಿಗೆಂದು ಒಯ್ದ ತುಪ್ಪದ ಡಬ್ಬ ಎಲ್ಲ ಹೊತ್ತುಕೊಂಡು ಗೇರ್ ಬದಲಿಸದೆ ಹತ್ತಿತು. ನನಗೆ ಖುಷಿ ತಡೆಯಲಾಗದೆ ಜೋರಾಗಿ ನಕ್ಕುಬಿಟ್ಟೆ. ಅವಳು ಸೆರಗು ಬಾಯಿಗೆ ಹಿಡಿದು ಧೂಳಿನಲ್ಲೇ ನಗುತ್ತಿದ್ದಳು. ಪಾವಗಡದಲ್ಲಿ ಎಲೆ ಮಂಡಿಯ ಕದರಪ್ಪ ಕಟ್ಟು ಬಿಚ್ಚಿ ನೋಡಿ, "ಏಮಿ ಸ್ವಾಮಿ, ಎಲೆ ಮ್ಯಾಲೆ ನೀರು ಇನ್ನಾ ಆರಿಲ್ವಲ್ಲ, ಹಾರ್ಕೊಂಡ್ ಬಂದ್ರಾ?" ಎಂದ. ನನ್ನ ಮಗ ಮಾಡಿದ ಇಂಜಿನ್ನು ಕಣಯ್ಯ ಎಂದೆ. ಹೌದು, ಹಾಗೇ ಹೇಳಿದೆ, ಹತ್ತು ಜನ ಇದ್ದರು. ವಾಪಸು ಬಂದು ಅಳೆದರೆ ಗ್ಯಾಲನ್ನಿಗೆ ಐವತ್ತೆರಡು ಮೈಲಿ. ಮುಂಚೆ ಮೂವತ್ತೊಂದೂ ದಾಟುತ್ತಿರಲಿಲ್ಲ.

ಸದ್ಯಕ್ಕೆ ಇಷ್ಟು. ಚಳಿ ಬಿದ್ದಿದೆ, ಕಿವಿಗೆ ಬಟ್ಟೆ ಕಟ್ಟಿಕೋ. ಕೋಣೆಯ ಜೊತೆಗಾರರಿಗೆ ನಮ್ಮ ಶರಣು ತಿಳಿಸು. ಶಿವನು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇತಿ ನಿನ್ನ ತಂದೆ,
ರೇಣುಕಯ್ಯ

ವಿ.ಸೂ.: ಈ ಕಾಗದವನ್ನು ನಿನ್ನ ತಾಯಿ ಓದಿದಳು. "ಕಸ" ಎಂಬ ಮಾತು ಬಂದದ್ದೇ ತಡ, ಅಂಟಿನ ಬಟ್ಟಲು ಎತ್ತಿ ಸೆರಗಿನಡಿ ಇಟ್ಟುಕೊಂಡು ಎದುರಿಗೆ ಕೂತಿದ್ದಾಳೆ. "ಯಾವ ಕಸ ಅಂತ ಬರೀರಿ, ಆಮೇಲೆ ಅಂಟ್ಸೋಣ" ಅನ್ನುತ್ತಾಳೆ. ಟಪಾಲು ಕಟ್ಟುವ ಹೊತ್ತಾಯಿತು, ಬರೆಯುತ್ತೇನೆ. ಕಸವಲ್ಲ, ವಿಭೂತಿ. ನೀನು ದೊಡ್ಡ ಪಿಸ್ಟನ್ ಕೂರಿಸಿದ ದಿನ, ಇಷ್ಟು ಜೋರಿನ ಗಾಡಿಯನ್ನು ನೀನು ಓಡಿಸುತ್ತೀಯಲ್ಲ ಎಂದು ನನಗೆ ದಿಗಿಲು ಹತ್ತಿತು. ಅಂದಿನಿಂದ ಬೆಳಿಗ್ಗೆ ಪೂಜೆ ಮುಗಿಸಿ, ನನ್ನ ಹಣೆಗೆ ಹಚ್ಚಿಕೊಂಡ ಮೂರು ಬೆರಳಲ್ಲೇ ಆ ಮುಚ್ಚಳಕ್ಕೂ ಒದ್ದೆ ವಿಭೂತಿ ಎಳೆಯುತ್ತಿದ್ದೆ, ನಿನಗೆ ಏನೂ ಆಗದಿರಲಿ ಎಂದು. ನೀನು ಹೋದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ಅದು ಒಣಗಿ ತೂತಿನೊಳಗೆ ಗಟ್ಟಿಯಾಗಿ ಕೂತು, ನಿನ್ನ ಕಣ್ಣಿಗೂ ಬೀಳಲಿಲ್ಲ. ಸಿರಾದಲ್ಲಿ ತೊಳೆದದ್ದರಿಂದ ಓಡಿತು. ಶುಕ್ರವಾರ ನಾನು ಮತ್ತೆ ಹಚ್ಚಿದೆ, ನಿಂತಿತು. ಈಗ ಹೆಡ್‌ಲೈಟಿಗೆ ಹಚ್ಚುತ್ತೇನೆ. ಇಂಜಿನ್ ಕೆಡಿಸಿದ್ದು ನೀನಲ್ಲ, ಬಸವಲಿಂಗ. ನನಗೇ ಗೊತ್ತಾಯಿತು. ಕಾಗದ ಹಾಕಿದ್ದೇನೆ, ಬಾ.