ಗಾರ್ಸ್ ಮುಳ್ಳಿನ ನೆರಳು

ಕೆರೆರು ಕೊಲ್ಲಿ, ನ್ಯೂಜಿಲೆಂಡ್
ಅಕ್ಟೋಬರ್ ೧೪

ತಮ್ಮ ಡೆನ್ಜಿಲ್‌ಗೆ,

ನಿಂತುಕೊಂಡೇ ಬರೆಯುತ್ತಿದ್ದೇನೆ. ಕೂತರೆ ಅಳು ಬಂದೀತು. ನಿನಗೆ ಬರೆಯುವ ಕಾಗದದ ಮೇಲೆ ಅಳುವುದು ನನಗೆ ಬೇಕಿಲ್ಲ.

ಮಗಳ ಬಾಣಂತನ ಮುಗಿಸಿ ಮೊನ್ನೆ ಮಧ್ಯಾಹ್ನ ಬಂದೆ. ಮೂರೇ ಮೂರು ವಾರ ಮನೆಯಲ್ಲಿರಲಿಲ್ಲ. ಗಾರ್ಸ್ ಮುಳ್ಳಿನ ಹಳದಿ ಹೂವಿನಲ್ಲಿ ಮುಳುಗಿರಬೇಕಾದ ನಮ್ಮ ಗುಡ್ಡ ಸುಟ್ಟ ರೊಟ್ಟಿಯ ಹಾಗೆ ಕಂದಿತ್ತು. ಬೇಲಿಯಾಚೆಯ ಕಾಲ್ಡರ್ ತನ್ನ ಕುರಿಗಳನ್ನು ಬಿಟ್ಟು ಬಂದು, ಟೋಪಿ ತೆಗೆದು, "ಹೆಲಿಕಾಪ್ಟರ್ ತರಿಸಿ ಕಳೆ ಸಾಯೋ ಔಷಧಿ ಹೊಡೆಸಿದ್ದು ನಿನ್ ತಮ್ಮಾನೇ ಐಲ್ಸಾ. ನಿಂಗೆ ಗೊತ್ತಿದೆ ಅಂದ್ಕೊಂಡಿದ್ದೆ" ಎಂದ.

ಫೋನ್ ಮಾಡಿದರೆ ನೀನು ಹೇಳಿದ್ದೇನು? "ಕಾಲ್ಡರ್ ದೂರು ಹೇಳ್ದ, ಹೊಡೆಸ್ದೆ. ಮುಳ್ಳು ತಾನೇ ಅಕ್ಕ, ಸತ್ರೆ ಸಾಯ್ಲಿ. ಗುಡ್ಡ ಚೊಕ್ಕ ಆಯ್ತಲ್ಲ!"

ಅದು ಮುಳ್ಳೆಂದು ನೀನು ನನಗೆ ಹೇಳಿಕೊಡಬೇಕೇ? ಮುತ್ತಜ್ಜ ಬೇಲಿಗೆಂದು ಹಡಗಿನಲ್ಲಿ ತಂದ ಗಾರ್ಸ್ ಅದು. ಅಪ್ಪ ನಲವತ್ತು ವರ್ಷ ಕಡಿದ, ಸುಟ್ಟ. ಸುಟ್ಟಷ್ಟೂ ದಟ್ಟವಾಗಿ ಎದ್ದಿತು. ಅಪ್ಪ ಹೋದ ಮೇಲೆ ನಾನು ಕತ್ತಿ ಕೆಳಗಿಟ್ಟೆ. "ಐಲ್ಸಾ ಮುಳ್ಳು ಸಾಕ್ತಾಳಂತೆ" ಎಂದು ಊರೆಲ್ಲ ನಕ್ಕಿತು. ಆರನೇ ವರ್ಷ, ತಪ್ಪಿಸಿಕೊಂಡ ಕುರಿಯೊಂದನ್ನು ಹುಡುಕುತ್ತ ಪೊದೆಯೊಳಗೆ ಅಂಬೆಗಾಲಲ್ಲಿ ನುಗ್ಗಿದೆ. ಕಡಲಗಾಳಿ ತಾಗದ, ಕಾಡುಮೇಕೆಯ ಬಾಯಿಗೆ ಸಿಗದ ಆ ನೆರಳಿನಲ್ಲಿ ಬೆರಳುದ್ದದ ಮಾಹೋಯೆ ಸಸಿಗಳು! ಈ ನೆಲದ ಸ್ವಂತ ಮರ. ಮುತ್ತಜ್ಜ ಸುಟ್ಟ ಕಾಡು ಅವನೇ ತಂದ ಮುಳ್ಳಿನ ಮಡಿಲಲ್ಲಿ ಮರಳಿ ಬರುತ್ತಿತ್ತು.

ಅಲ್ಲಿಂದ ಇಪ್ಪತ್ತೆರಡು ವರ್ಷ ಕಾದೆ. ಕಣಿವೆಯ ಕಡೆ ಮರಗಳು ಮುಳ್ಳನ್ನು ಮೀರಿ ಬೆಳೆದು, ಅವುಗಳ ನೆರಳಿಗೆ ಗಾರ್ಸ್ ತಾನಾಗಿಯೇ ಸಾಯತೊಡಗಿತ್ತು. ಉಳಿದ ಗುಡ್ಡಕ್ಕೆ ಇನ್ನು ಹತ್ತು ವರ್ಷ ಸಾಕಿತ್ತು. ನಿನ್ನೆ ಹೋಗಿ ನೋಡಿದೆ. ಮಾಹೋಯೆ ಎಲೆಗಳು ಸುರುಟಿ ಕಪ್ಪಾಗಿವೆ, ಎಳೆಯ ಕಾಂಡ ಮುಟ್ಟಿದರೆ ಮುರಿಯುತ್ತದೆ. ಇನ್ನು ನೆಲಕ್ಕೆ ಬಿಸಿಲು ಬೀಳುತ್ತದೆ. ಮಣ್ಣಲ್ಲಿ ಮಲಗಿರುವ ಗಾರ್ಸ್ ಬೀಜವೆಲ್ಲ ಏಳುತ್ತದೆ. ಮುಳ್ಳನ್ನು ಮುಗಿಸಬಲ್ಲ ಮರಗಳನ್ನೇ ಮುಗಿಸಿದೆಯಲ್ಲೋ, ಪುಣ್ಯಾತ್ಮ!

"ಜಾಗದಲ್ಲಿ ನಂದೂ ಅರ್ಧ ಇದೆ" ಎಂದೆ ನೀನು. ಇದೆ, ಇಲ್ಲವೆಂದವರು ಯಾರು? ಹಾಗಿದ್ದರೆ ಬಾ. ಕಣಿವೆಯ ತಳದಲ್ಲಿ ಔಷಧಿ ತಾಗದೆ ಒಂದು ಪಟ್ಟಿ ಉಳಿದಿದೆ. ಮಂಡಿಯೂರಿ ಒಳಗೆ ನುಗ್ಗಿ ಕಣ್ಣಾರೆ ನೋಡು. ಆಮೇಲೂ ಬೇಕೆನಿಸಿದರೆ ಇನ್ನೊಮ್ಮೆ ಹೆಲಿಕಾಪ್ಟರ್ ಕರೆಸು. ನಾನು ಆ ಪೊದೆಯೊಳಗೇ ಕೂತಿರುತ್ತೇನೆ.

ಏನು ಮಾಡಲಿ, ಇನ್ನೂ ನಿನ್ನ ಅಕ್ಕನೇ ಆಗಿರುವ
ಐಲ್ಸಾ

ವಿ.ಸೂ.: ಕಾಲ್ಡರ್ ಸುಮ್ಮನೆ ದೂರು ಹೇಳಿದವನಲ್ಲ. ಬೇಲಿಯ ಪಕ್ಕ ಹತ್ತು ಮೀಟರ್ ಮುಳ್ಳು ಕಡಿಯುತ್ತೇನೆಂದು ಅವನಿಗೆ ಎರಡು ವರ್ಷದಿಂದ ಮಾತು ಕೊಡುತ್ತ ಬಂದೆ. ಬೀಜ ಸಿಡಿದು ಅವನ ಹುಲ್ಲುಗಾವಲು ಹಾಳಾದಾಗಲೂ ಕಡಿಯಲಿಲ್ಲ. ಮತ್ತೆ, ಆ ಸಸಿಗಳ ವಿಷಯ ಇಷ್ಟು ವರ್ಷ ನಿನಗೆ ಬಾಯಿಬಿಟ್ಟು ಹೇಳಲೇ ಇಲ್ಲ. ನಿನಗೂ ಇಷ್ಟವಾಗಿಬಿಟ್ಟರೆ ಗುಡ್ಡ ನನ್ನೊಬ್ಬಳದಾಗಿ ಉಳಿಯುವುದಿಲ್ಲವೆಂಬ ಹೊಟ್ಟೆಕಿಚ್ಚು.