ಹದಿನೆಂಟನೇ ಅಧ್ಯಾಯ, ೯೭ ಡಿಗ್ರಿ

ಸೆಪ್ಟೆಂಬರ್ ೨೭, ಶನಿವಾರ
ಹದಿನಾರನೇ ಅಧ್ಯಾಯ ರೆಕಾರ್ಡ್ ಆಯಿತು. ಇನ್ನು ಆರು. ಓದುವಾಗ ಕಂಪ್ಯೂಟರಿನ ಪ್ರೊಸೆಸರ್ ೫೮ ಡಿಗ್ರಿ. ಹಿನ್ನೆಲೆ ಸದ್ದು ತೆಗೆಯುವ ಸಾಫ್ಟ್‌ವೇರ್ ಓಡಿಸಿದರೆ ೮೧. ಎಂಬತ್ತೈದು ದಾಟಬಾರದು.

ಅಕ್ಟೋಬರ್ ೬, ಸೋಮವಾರ, ಅಲಮೇಲು ಅಕ್ಕನ ಕಣ್ಣಿನ ಆಪರೇಷನ್. ಆಮೇಲೆ ಹತ್ತು ದಿನ ಬೋರಲು ಮಲಗಿರಬೇಕಂತೆ. ನಲವತ್ತು ವರ್ಷ ಒಂದೇ ಅನುವಾದಗಳನ್ನು ಓದಿ ಜಗಳವಾಡಿದವರು ನಾವು. ಅಷ್ಟರೊಳಗೆ ಈ ಕಾದಂಬರಿ ಪೂರ್ತಿ ನನ್ನ ದನಿಯಲ್ಲಿ ಅವಳ ಕೈಸೇರಬೇಕು.

ಸೆ. ೨೮
ರೆಕಾರ್ಡಿಂಗ್ ತುಂಬ ಕಂಪ್ಯೂಟರ್ ಫ್ಯಾನಿನ ಗುಂಯ್... ವೇಗ ಅರ್ಧಕ್ಕಿಳಿಸಿದೆ. ಗಾಳಿಯಾಡಲೆಂದು ಡಬ್ಬದ ಪಕ್ಕದ ತಗಡು ಬಿಚ್ಚಿಟ್ಟೆ. ೮೪. ನಡೆಯುತ್ತದೆ. ಹದಿನೇಳು ಮುಗಿಯಿತು.

ವಿಭಾ ಇಣುಕಿ ನೋಡಿದಳು. "ಏನ್ರೀ, ನಂಗೆ ಜ್ವರ ಬಂದಾಗ ಒಂದ್ಸಲನೂ ಥರ್ಮಾಮೀಟರ್ ಹುಡುಕ್ಲಿಲ್ಲ ನೀವು!"


ಅ. ೧, ಆಯುಧಪೂಜೆ
ಸ್ಕೂಟರ್, ಮಿಕ್ಸಿ, ಕಂಪ್ಯೂಟರ್ — ಎಲ್ಲಕ್ಕೂ ಕುಂಕುಮ, ಸೇವಂತಿಗೆ ಮಾಲೆ. ಪೂಜೆಗಿಟ್ಟದ್ದನ್ನು ಇವತ್ತು ಬಳಸುವಂತಿಲ್ಲ. ಒಂದೇ ಅಧ್ಯಾಯ ಎಂದು ವಿಭಾಳನ್ನು ಕೇಳಿದೆ.
"ನಾಳೆ ತನಕ ಮುಟ್ಟಂಗಿಲ್ಲ. ಅದಕ್ಕೂ ಒಂದಿನ ರಜಾ ಬೇಡ್ವಾ?"
ಹಬ್ಬದ ಓಡಾಟದಲ್ಲಿ ಎರಡು ದಿನ ಹೋಗಿತ್ತು, ಇನ್ನೊಂದು ದಿನವೂ ಹೋಯಿತು.

ಅ. ೨, ಸಂಜೆ ೫
ಅವಸರದಲ್ಲಿ ಮಾಲೆ ಕಿತ್ತು ತೆಗೆದು ಶುರುಮಾಡಿದೆ. ಏನು ನಿಶ್ಶಬ್ದ! ಇಷ್ಟು ಶುದ್ಧ ರೆಕಾರ್ಡಿಂಗ್ ಈವರೆಗೆ ಬಂದಿರಲಿಲ್ಲ.

೬.೧೦
ಹದಿನೆಂಟನೇ ಅಧ್ಯಾಯದ ಕೊನೆಗೆ ಬಂದಿದ್ದೆ. ಖುಷಿಯಲ್ಲಿ ಡಿಗ್ರಿ ನೋಡಿರಲಿಲ್ಲ. ಕಣ್ಣು ಹಾಯಿಸಿದಾಗ ೯೭. ಮರುಕ್ಷಣ ಪರದೆ ಕಪ್ಪು. ಅಧ್ಯಾಯ ಹೋಯಿತು. ನಿನ್ನ ಪೂಜೆಯಿಂದಲೇ ಆದದ್ದು ಎಂದು ವಿಭಾಳ ಮೇಲೆ ರೇಗಿದೆ.

ಅ. ೩
ಆಟೋದಲ್ಲಿ ಡಬ್ಬ ಇಟ್ಟುಕೊಂಡು ಶಿವಾಜಿನಗರ. ರಿಪೇರಿ ಅಂಗಡಿಯ ಅಫ್ತಾಬ್ ಟಾರ್ಚ್ ಬಿಟ್ಟು ನೋಡಿ ನಕ್ಕ. ಚಿಮಟಕ್ಕೆ ಗೇಣುದ್ದ ದಾರ ಬಂತು, ಹಳದಿ ಎಸಳಿನ ಸಮೇತ.
"ಫ್ಯಾನ್‌ನೇ ಕಟ್ಟಾಕ್ಬಿಟ್ಟಿದ್ದೀರಲ್ಲ ಸಾರ್! ಸದ್ದು ನಿಂತಾಗ್ಲೇ ಡೌಟ್ ಬರ್ಬೇಕಿತ್ತು."

ಮಾಲೆ ಹರಿದದ್ದು ನನ್ನ ಕೈ. ತಗಡು ಬಿಚ್ಚಿದ್ದೂ ನಾನೇ. ಅವನು ಧೂಳು ಊದಿ, ಪ್ರೊಸೆಸರ್ ಮೇಲೆ ಶಾಖ ಎಳೆಯುವ ಹೊಸ ಪೇಸ್ಟ್ ಹಚ್ಚಿ, ತಗಡು ಮುಚ್ಚಿ, ವೇಗ ಪೂರ್ತಿ ಏರಿಸಿಕೊಟ್ಟ. ೭೨. ಗುಂಯ್ ಕೂಡ ಪೂರ್ತಿ.

ವಿಭಾಗೆ ಹೇಳಿದೆ — ತಪ್ಪು ನನ್ನದು. "ಹ್ಞೂಂ" ಎಂದು ಸೊಪ್ಪು ಬಿಡಿಸುತ್ತ ಕೂತಳು.

ಅಕ್ಕನಿಗೆ ಫೋನ್ ಮಾಡಿದೆ. "ಸದ್ದಿದ್ರೆ ಇರ್ಲಿ ಬಿಡೋ ಸುದರ್ಶನ. ಅಮ್ಮನ ಹೊಲಿಗೆ ಮಷಿನ್ ಪಕ್ಕ ಕೂತ್ಕೊಂಡೇ ಅಲ್ವಾ ನಾವು ಓದೋದು ಕಲ್ತಿದ್ದು? ಕೊನೆ ಗೊತ್ತಾಗ್ದೆ ಮಾತ್ರ ನಾನು ಮಲಗಲ್ಲ."

ಅ. ೫, ಭಾನುವಾರ, ಸಂಜೆ
ನಿನ್ನೆ ಮೂರು ಅಧ್ಯಾಯ. ಇವತ್ತು ಇಪ್ಪತ್ತೊಂದು ಮುಗಿದು, ಇಪ್ಪತ್ತೆರಡರ ನಡುವೆ ಗಂಟಲು ಕಟ್ಟಿತು. ಬಿಸಿನೀರು, ಉಪ್ಪು... ದನಿಯೇ ಇಲ್ಲ. ನಾಲ್ಕು ಪುಟ ಉಳಿದಿದೆ. ನಾಳೆ ಬೆಳಿಗ್ಗೆ ಏಳಕ್ಕೆ ಅಕ್ಕ ಆಸ್ಪತ್ರೆಗೆ.

ವಿಭಾ ಕೈಚಾಚಿದಳು. "ಕೊಡ್ರಿ ಇಲ್ಲಿ. ನೀವು ಆ ನಂಬರ್ ನೋಡ್ಕೊಂಡಿರಿ."

ಕಾದಂಬರಿ ಓದುವವಳಲ್ಲ. ಪರದೇಶದ ಹೆಸರುಗಳನ್ನು ತನಗೆ ತೋಚಿದಂತೆ ಹೇಳುತ್ತಾಳೆ. ತಿದ್ದಲಿಲ್ಲ. ೭೩. ಒಂದು ಪುಟ ಆಯಿತು. ಎರಡು. ಕಥೆಯಲ್ಲಿ ತಾಯಿ ಬಾಗಿಲು ತೆರೆಯುವ ಕಡೆ ತಾನೇ ನಿಧಾನಿಸಿದಳು, ನಾನಾಗಿದ್ದರೆ ಓಡುತ್ತಿದ್ದೆ. ೭೪. ಕೊನೆಯ ಪುಟ. ಈಗ ನನ್ನತ್ತ ನೋಡಿ ಹುಬ್ಬು ಗಂಟಿಕ್ಕುತ್ತಿದ್ದಾಳೆ. ಪೆನ್ನಿನ ಸದ್ದೂ ಮೈಕಿಗೆ ಹೋಗುತ್ತಿದೆಯಂತೆ, ನಿಲ್ಲಿಸಿ ಎಂದು ಕೈಸನ್ನೆ ಮಾ